ತಿರುಪತಿಯ ಮುಡಿ, ಟೌನ್ ಹಾಲಿನ ಕಾಗದ

2004ರ ಮೇ ತಿಂಗಳ ಒಂದು ಸಂಜೆ ಪಕ್ಕದ ಮನೆಯವರು ನಮ್ಮ ಬಾಗಿಲು ತಟ್ಟಿದರು. ನಾವು ನ್ಯೂಜೆರ್ಸಿಯ ಹೈಲ್ಯಾಂಡ್ ಪಾರ್ಕಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವರು ಆರ್ಥೊಡಾಕ್ಸ್ ಯೆಹೂದಿ ಹೆಂಗಸು. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ವಿಶ್ರಾಂತಿಯಾದ ಶಬ್ಬಾತ್, ಊಟ, ಉಡುಪು ಎಲ್ಲದರಲ್ಲೂ ತಮ್ಮ ಧರ್ಮದ ಕಟ್ಟಳೆಯನ್ನು ಚಾಚೂ ತಪ್ಪದೆ ನಡೆಸುವವರು. ಅಲ್ಲಿಯವರೆಗೆ ನಮ್ಮ ನಡುವೆ ಇದ್ದದ್ದು ಬೇಲಿಯಾಚೆಯ ನಗು, ಹಿಮ ಬಿದ್ದ ದಿನ ಒಂದೆರಡು ಮಾತು, ಅಷ್ಟೇ. ಅವತ್ತು ಮಾತ್ರ ನೇರವಾಗಿ ಕೇಳಿದರು. "ನಿಮ್ಮ ಕಡೆ ತಿರುಪತಿ ಅಂತ ದೇವಸ್ಥಾನ ಇದೆಯಂತಲ್ಲ. ಅಲ್ಲಿ ಹೆಂಗಸರು ಕೂದಲು ತೆಗೆಸ್ತಾರಂತೆ. ಅದು ದೇವರಿಗೆ ಅರ್ಪಿಸೋದಾ, ಅಥವಾ ಸುಮ್ನೆ ತೆಗೆಸಿಕೊಳ್ಳೋದಾ?"

ಮದುವೆಯಾದ ಆರ್ಥೊಡಾಕ್ಸ್ ಹೆಂಗಸರು ತಲೆಗೂದಲು ಮುಚ್ಚಿಕೊಳ್ಳುತ್ತಾರೆ. ಹಲವರು ವಿಗ್ ಹಾಕುತ್ತಾರೆ. ಆ ವಿಗ್‌ಗಳಲ್ಲಿ ಎಷ್ಟೋ ನಮ್ಮ ದೇಶದ ಕೂದಲಿನವು. ಆ ತಿಂಗಳು ಜೆರುಸಲೇಮಿನ ದೊಡ್ಡ ರಬ್ಬಿ, ಅಂದರೆ ಧರ್ಮಗುರು, ಯೋಸೆಫ್ ಶಾಲೋಮ್ ಎಲ್ಯಾಶಿವ್ ಒಂದು ತೀರ್ಪು ಕೊಟ್ಟಿದ್ದರು. ಈ ಕೂದಲು ವಿಗ್ರಹಕ್ಕೆ ಅರ್ಪಿಸಿದ್ದು, ಹಾಗಾಗಿ ಯೆಹೂದಿಗಳು ಅದನ್ನು ಬಳಸುವಂತಿಲ್ಲ ಎಂದು. ಬ್ರೂಕ್ಲಿನ್‌ನಲ್ಲಿ ಕೆಲವರು ಬೀದಿಯಲ್ಲೇ ವಿಗ್‌ಗಳನ್ನು ಸುಟ್ಟರು. ಸಾವಿರಾರು ಡಾಲರ್ ಬೆಲೆಯವು ಅವು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತಮ್ಮನಿಗೆ ಟೈಫಾಯಿಡ್ ಬಂದಾಗ ಅಮ್ಮ ಹರಕೆ ಹೊತ್ತದ್ದು, ಅವನು ಎದ್ದು ಕೂತ ಮೇಲೆ ತಿರುಪತಿಗೆ ಹೋಗಿ ಮುಡಿ ಕೊಟ್ಟದ್ದು. ಅವರು ಪೂರ್ತಿ ಕೇಳಿಸಿಕೊಂಡರು. "ಥ್ಯಾಂಕ್ಸ್" ಅಂದರು. ಮರುದಿನದಿಂದ ತಲೆಗೆ ಸ್ಕಾರ್ಫ್ ಬಂತು. ಅಮ್ಮನ ಭಕ್ತಿಯ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ನಮ್ಮ ಅಡುಗೆಮನೆ ಕಿಟಕಿಯಲ್ಲಿ ಗಣಪತಿ ಇದ್ದಾನೆ. ಅವರು ಮನೆಗೆ ಬಂದಾಗ ಆ ಕಡೆ ಬೆನ್ನು ಹಾಕಿ ಕೂರುತ್ತಾರೆ. ನಮ್ಮ ಪಾತ್ರೆಯಲ್ಲಿ ಬೇಯಿಸಿದ್ದನ್ನು ತಿನ್ನುವುದಿಲ್ಲ. ಹೆಚ್ಚದ ಹಣ್ಣು ಕೊಟ್ಟರೆ ತಿನ್ನುತ್ತಾರೆ. ಹೀಗೇ ನಾವು ಗೆಳತಿಯರಾದೆವು.

2013ರ ಅಕ್ಟೋಬರ್ 21ರಂದು ನ್ಯೂಜೆರ್ಸಿಯಲ್ಲಿ ಸಲಿಂಗ ಮದುವೆ ಕಾನೂನುಬದ್ಧವಾಯಿತು. 2007ರಿಂದಲೇ ಇಲ್ಲಿ 'ಸಿವಿಲ್ ಯೂನಿಯನ್' ಎಂಬ ವ್ಯವಸ್ಥೆ ಇತ್ತು. ಮದುವೆಯ ಹಕ್ಕುಗಳು ಬಹುತೇಕ ಇದ್ದವು, ಮದುವೆ ಎಂಬ ಹೆಸರು ಇರಲಿಲ್ಲ. ಈಗ ಹೆಸರೂ ಸಿಕ್ಕಿತು. ನೆವಾರ್ಕಿನಲ್ಲಿ ಮಧ್ಯರಾತ್ರಿ ಹನ್ನೆರಡು ದಾಟುತ್ತಿದ್ದಂತೆ ಮೇಯರ್ ಕೋರಿ ಬುಕರ್ ಜೋಡಿಗಳ ಮದುವೆ ನಡೆಸಿಕೊಟ್ಟರು. ಅದಾಗಿ ಎರಡು ವಾರಕ್ಕೆ, ಒಂದು ಶನಿವಾರ ಮಧ್ಯಾಹ್ನ, ಪಕ್ಕದ ಮನೆಯವರು ನಮ್ಮ ಜಗಲಿಯಲ್ಲಿ ಕೂತು ಹೇಳಿದರು. "ನನ್ನ ಮಗ ಮದುವೆ ಆಗ್ತಾನಂತೆ. ಹನ್ನೊಂದು ವರ್ಷದಿಂದ ಅವನ ಜೊತೆ ಇರೋ ಹುಡುಗನ ಜೊತೆ." ಕೈಯಲ್ಲಿದ್ದ ಕಿತ್ತಳೆಹಣ್ಣನ್ನು ಸುಲಿಯದೆ ಹಾಗೇ ಹಿಡಿದುಕೊಂಡಿದ್ದರು.

ಅವತ್ತಿನಿಂದ ನಾನು ಯೆಹೂದಿ ಧರ್ಮಶಾಸ್ತ್ರವನ್ನು, ಅವರು ಹಲಾಖಾ ಅನ್ನುವುದನ್ನು, ಓದಲು ಶುರು ಮಾಡಿದೆ. ವಾದ ಗೆಲ್ಲಲು ಅಲ್ಲ. ಆ ಶನಿವಾರ ಅವರಿಗೆ ಏನು ಹೇಳಬೇಕು ಎಂದು ನನಗೆ ಗೊತ್ತಾಗಿರಲಿಲ್ಲ, ಅದಕ್ಕೆ.

ಮೊದಲೇ ಒಂದು ಮಾತು ಹೇಳಬೇಕು. ಪಠ್ಯ ಕಠಿಣವಾಗಿದೆ. ಯೆಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದ ಮೂರನೇ ಪುಸ್ತಕ, ಕನ್ನಡ ಬೈಬಲ್ಲಿನಲ್ಲಿ ಯಾಜಕಕಾಂಡ, ಅದರ 18 ಮತ್ತು 20ನೇ ಅಧ್ಯಾಯಗಳು ಗಂಡಸು ಗಂಡಸಿನ ಜೊತೆ ಮಲಗುವುದನ್ನು ನೇರವಾಗಿ ನಿಷೇಧಿಸುತ್ತವೆ. ಹೆಂಗಸರ ಬಗ್ಗೆ ಅಲ್ಲಿ ಮಾತಿಲ್ಲ. ಆದರೆ ಅದೇ 18ನೇ ಅಧ್ಯಾಯದ ಮೊದಲಲ್ಲಿ "ಈಜಿಪ್ಟಿನವರು ಮಾಡಿದಂತೆ ಮಾಡಬೇಡಿ" ಎಂಬ ಸಾಲಿದೆ. ಈಜಿಪ್ಟಿನವರು ಏನು ಮಾಡುತ್ತಿದ್ದರು? ಸಿಫ್ರಾ ಎಂಬ ಹಳೆಯ ವ್ಯಾಖ್ಯಾನ ಉತ್ತರ ಕೊಡುತ್ತದೆ. ಗಂಡು ಗಂಡನ್ನು ಮದುವೆಯಾಗುತ್ತಿದ್ದ, ಹೆಣ್ಣು ಹೆಣ್ಣನ್ನು ಮದುವೆಯಾಗುತ್ತಿದ್ದಳು ಎಂದು. ಹನ್ನೆರಡನೇ ಶತಮಾನದಲ್ಲಿ ಮೈಮೊನಿಡೀಸ್ ಎಂಬ ಧರ್ಮಶಾಸ್ತ್ರಜ್ಞರು ಇದನ್ನೇ ಹಿಡಿದು ಹೆಂಗಸರ ನಡುವಿನ ಸಂಬಂಧವನ್ನೂ ನಿಷೇಧಕ್ಕೆ ಸೇರಿಸಿದರು.

'ಮದುವೆ' ಎಂಬ ಮಾತು ಅಷ್ಟು ಹಿಂದೆಯೇ ಬಂದಿದೆ, ನೋಡಿ. ಇದು ಇವತ್ತಿನ ಪ್ರಶ್ನೆ ಅಂತ ನಾನು ಅಂದುಕೊಂಡಿದ್ದೆ.

ರಬ್ಬಿಗಳ ಚರ್ಚೆಗಳ ಹಳೆಯ ಸಂಗ್ರಹವಾದ ತಾಲ್ಮುದ್‌ನಲ್ಲಿ ಇನ್ನೂ ಒಂದು ಜಾಗ ಇದೆ. ಹುಲ್ಲಿನ್ ಎಂಬ ಭಾಗ, 92ನೇ ಹಾಳೆ. ಉಲ್ಲಾ ಎಂಬ ಪಂಡಿತ ಹೇಳುತ್ತಾನೆ, ಲೋಕದ ಜನ, ಅಂದರೆ ಯೆಹೂದಿಗಳಲ್ಲದವರು, ತಮಗೆ ಕೊಟ್ಟ ನಿಯಮಗಳಲ್ಲಿ ಈಗ ಮೂರನ್ನು ಮಾತ್ರ ಉಳಿಸಿಕೊಂಡಿದ್ದಾರೆ ಎಂದು. ನರಮಾಂಸವನ್ನು ಅಂಗಡಿಯಲ್ಲಿ ತೂಗಿ ಮಾರುವುದಿಲ್ಲ. ತೋರಾಗೆ ಗೌರವ ಕೊಡುತ್ತಾರೆ. ಮತ್ತು ಗಂಡಸರಿಗೆ ಕೆತುಬಾ ಬರೆಯುವುದಿಲ್ಲ. ಕೆತುಬಾ ಅಂದರೆ ಮದುವೆಯ ಕರಾರುಪತ್ರ. ಹನ್ನೊಂದನೇ ಶತಮಾನದ ಫ್ರಾನ್ಸಿನ ರಾಶಿ ಎಂಬ ವ್ಯಾಖ್ಯಾನಕಾರರು ಇದನ್ನು ಬಿಡಿಸಿ ಹೇಳುತ್ತಾರೆ. ಅವರು ಆ ಕೆಲಸ ಮಾಡಿದರೂ ಮಾಡಿಯಾರು, ಆದರೆ ಕೆತುಬಾ ಬರೆದುಕೊಡುವಷ್ಟು ಅದನ್ನು ಹಗುರಾಗಿ ತೆಗೆದುಕೊಂಡಿಲ್ಲ ಎಂದು. ಅಂದರೆ ಗುಟ್ಟಾಗಿ ನಡೆಯುವುದು ಒಂದು. ಸಮಾಜ ಅದಕ್ಕೆ ಪತ್ರ ಬರೆದು ಮುದ್ರೆ ಒತ್ತುವುದು ಇನ್ನೊಂದು, ಮತ್ತು ಇದು ಹೆಚ್ಚು ಗಂಭೀರ.

ಸರ್ಕಾರದ ಸಲಿಂಗ ಮದುವೆ ಕಾನೂನನ್ನು ವಿರೋಧಿಸುವ ರಬ್ಬಿಗಳ ಕೈಯಲ್ಲಿರುವ ಬಲವಾದ ವಾದ ಇದೇ ಎಂದು ನನಗನಿಸುತ್ತದೆ. ಇದನ್ನು ದ್ವೇಷ ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ಅನ್ಯಾಯ. ಪಕ್ಕದ ಮನೆಯವರಿಗೆ ಮಗನ ಮೇಲೆ ದ್ವೇಷ ಇರಲಿಲ್ಲ. ಆ ಹಾಳೆಯನ್ನು ಅವರು ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರು, ಅಷ್ಟೇ.

ನನಗೆ ಅಮ್ಮ ನೆನಪಾದರು. 1997ರಲ್ಲಿ ಶಿವಮೊಗ್ಗದಲ್ಲಿ ನಮ್ಮದು ರಿಜಿಸ್ಟರ್ ಮದುವೆ. ಬೇರೆ ಬೇರೆ ಜಾತಿ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ನೋಟಿಸ್ ಬೋರ್ಡಿನಲ್ಲಿ ನಮ್ಮ ಹೆಸರು ಹಾಕಿ ಮೂವತ್ತು ದಿನ ಕಾದೆವು. "ಸಹಿ ಹಾಕಿದ ಮಾತ್ರಕ್ಕೆ ಮದುವೆ ಆಯ್ತೇನೇ? ಧಾರೆ ಎರೆದಿಲ್ಲ, ಸಪ್ತಪದಿ ತುಳಿದಿಲ್ಲ" ಅಂದರು ಅಮ್ಮ. ಅವರ ಲೆಕ್ಕದಲ್ಲಿ ಅವತ್ತು ಮದುವೆ ನಡೆಯಲೇ ಇಲ್ಲ. ಆದರೆ ಆಕ್ಷೇಪಣೆ ಹಾಕಲು ಅಮ್ಮನಿಗೆ ಆ ಮೂವತ್ತು ದಿನ ಇತ್ತು. ಹಾಕಲಿಲ್ಲ. ಕಚೇರಿಯ ಮೆಟ್ಟಿಲು ಹತ್ತಲಿಲ್ಲ, ನಮ್ಮನ್ನು ಹತ್ತಬೇಡಿ ಅಂತಲೂ ಅನ್ನಲಿಲ್ಲ.

ಹಲಾಖಾದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿದೆ. ಅಲ್ಲಿ ಮದುವೆ ಅಂದರೆ ಕಿದ್ದೂಶಿನ್, ಪವಿತ್ರವಾಗಿ ಮೀಸಲಿಡುವುದು ಎಂಬ ಅರ್ಥ. ಇಬ್ಬರು ಸಾಕ್ಷಿಗಳ ಮುಂದೆ ಗಂಡು ಹೆಣ್ಣಿಗೆ ಉಂಗುರ ಕೊಟ್ಟು ಹೇಳುವ ಮಾತು, ಹುಪ್ಪಾ ಎಂಬ ಚಪ್ಪರ, ಏಳು ಆಶೀರ್ವಾದ. ಮುರಿಯಬೇಕಾದರೆ ಗಂಡ 'ಗೆಟ್' ಎಂಬ ವಿಚ್ಛೇದನ ಪತ್ರ ಕೊಡಬೇಕು. ಇದರಲ್ಲಿ ಸರ್ಕಾರಕ್ಕೆ ಜಾಗವೇ ಇಲ್ಲ. ಹಾಗಾದರೆ ಒಬ್ಬ ಯೆಹೂದಿ ಗಂಡು, ಒಬ್ಬ ಯೆಹೂದಿ ಹೆಣ್ಣು ಟೌನ್ ಹಾಲಿನಲ್ಲಿ, ಅಂದರೆ ಊರಿನ ಸರ್ಕಾರಿ ಕಚೇರಿಯಲ್ಲಿ, ಮಾತ್ರ ಮದುವೆಯಾದರೆ? ಕಳೆದ ಶತಮಾನದ ನ್ಯೂಯಾರ್ಕಿನ ಇಬ್ಬರು ದೊಡ್ಡ ರಬ್ಬಿಗಳು ಇದರಲ್ಲಿ ಒಪ್ಪಲಿಲ್ಲ. ಯೋಸೆಫ್ ಎಲಿಯಾಹು ಹೆಂಕಿನ್ ಅವರ ಪ್ರಕಾರ ಅವರು ಬೇರೆಯಾಗಲು ಗೆಟ್ ಬೇಕು. ಮೋಶೆ ಫೈನ್‌ಸ್ಟೈನ್ ಅವರ ಪ್ರಕಾರ ಅದು ಕಿದ್ದೂಶಿನ್ ಅಲ್ಲವೇ ಅಲ್ಲ. ಗೆಟ್ ಸಿಗದ ಕಷ್ಟದಲ್ಲಿ ಅದಿಲ್ಲದೆಯೂ ಹೆಣ್ಣು ಬಿಡುಗಡೆ ಪಡೆಯಬಹುದು. ಸಾವಿರಾರು ಹೆಂಗಸರ ಬದುಕು ನಿಂತಿರುವ ವಿಷಯ ಇದು.

ಫೈನ್‌ಸ್ಟೈನ್ ಅವರ ದಾರಿ ಹಿಡಿದರೆ ಟೌನ್ ಹಾಲಿನ ಕಾಗದ ಗಂಡು ಹೆಣ್ಣಿಗೂ ಮದುವೆ ಮಾಡಿಸುವುದಿಲ್ಲ. ಹಾಗಿರುವಾಗ ಅದೇ ಕಾಗದ ಇಬ್ಬರು ಗಂಡಸರ ಕೈಗೆ ಹೋದರೆ ಅದು ಕೆತುಬಾ ಹೇಗಾದೀತು? ನಾನು ಪಕ್ಕದ ಮನೆಯವರನ್ನು ಕೇಳಿದೆ. ಅವರು ತುಂಬಾ ಹೊತ್ತು ಯೋಚಿಸಿದರು. "ನನ್ನ ಪಾಲಿಗೆ ಅದು ಕಾಗದ. ಆದರೆ ಬರೆಯೋರ ಪಾಲಿಗೆ ಅದು ಮದುವೆ ಅಲ್ವಾ" ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂರನೇ ಶತಮಾನದ ಬ್ಯಾಬಿಲೋನಿನಲ್ಲಿ, ಪರರಾಜ್ಯದಲ್ಲಿ ಬದುಕುತ್ತಿದ್ದ ಯೆಹೂದಿಗಳಿಗೆ ಶ್ಮುಏಲ್ ಎಂಬ ಪಂಡಿತ ಒಂದು ಸೂತ್ರ ಕೊಟ್ಟ. ದಿನಾ ದೆಮಲ್ಖೂತಾ ದಿನಾ, ರಾಜ್ಯದ ಕಾನೂನು ಕಾನೂನೇ. ತೆರಿಗೆ, ಜಮೀನು, ವ್ಯಾಪಾರ ಇವುಗಳಲ್ಲಿ ರಾಜ್ಯದ ಮಾತು ನಡೆಯುತ್ತದೆ. ಏನು ತಿನ್ನಬಹುದು, ಯಾರನ್ನು ಕೂಡಬಹುದು ಎಂಬುದರಲ್ಲಿ ನಡೆಯುವುದಿಲ್ಲ. ಹಾಗಾಗಿ ಸರ್ಕಾರ ಸಲಿಂಗ ಮದುವೆ ಒಪ್ಪಿತು ಅಂದಮಾತ್ರಕ್ಕೆ ಹಲಾಖಾ ಬದಲಾಗುವುದಿಲ್ಲ. ಇದರಲ್ಲಿ ಯಾವ ಆರ್ಥೊಡಾಕ್ಸ್ ರಬ್ಬಿಗೂ ಅನುಮಾನವಿಲ್ಲ. ಜಗಳ ಇರುವುದು ತಿರುಗುಮುರುಗಾದ ಪ್ರಶ್ನೆಯಲ್ಲಿ. ಹಲಾಖಾ ಬೇಡ ಅಂದದ್ದನ್ನು ಸರ್ಕಾರವೂ ಬೇಡ ಅನ್ನಬೇಕೇ?

ಶಬ್ಬಾತ್, ಕೋಶರ್ ಎಂಬ ಊಟದ ಕಟ್ಟಳೆ ಇವೆಲ್ಲ ಯೆಹೂದಿಗಳಿಗೆ ಮಾತ್ರ. ಶನಿವಾರ ಅಂಗಡಿ ಮುಚ್ಚಿಸಿ ಎಂದು ಅವರು ಅಮೆರಿಕವನ್ನು ಕೇಳುವುದಿಲ್ಲ. ಆದರೆ ಏಳು ನಿಯಮಗಳು ಬೇರೆ. ಅವು ನೋಹನ ಮಕ್ಕಳಿಗೆ, ಅಂದರೆ ಇಡೀ ಮನುಷ್ಯಕುಲಕ್ಕೆ ಕೊಟ್ಟವು ಎನ್ನುತ್ತದೆ ತಾಲ್ಮುದ್. ಕೊಲೆ ಬೇಡ, ಕಳವು ಬೇಡ, ದೇವನಿಂದೆ ಬೇಡ, ಜೀವಂತ ಪ್ರಾಣಿಯಿಂದ ಮಾಂಸ ಕಿತ್ತು ತಿನ್ನಬೇಡ, ನ್ಯಾಯಾಲಯ ಕಟ್ಟು, ನಿಷಿದ್ಧ ದೇಹಸಂಬಂಧ ಬೇಡ, ವಿಗ್ರಹಾರಾಧನೆ ಬೇಡ. ಗಂಡಸರ ನಡುವಿನ ಸಂಬಂಧ ಈ ಆರನೆಯದರಲ್ಲಿ ಬರುತ್ತದೆ. ಲೋಕದವರೂ ಇವನ್ನು ಪಾಲಿಸುವಂತೆ ಮಾಡಬೇಕು ಎಂದು ಮೈಮೊನಿಡೀಸ್ ಬರೆದಿದ್ದಾರೆ. ಆದ್ದರಿಂದಲೇ ಅಗುದತ್ ಇಸ್ರಾಯೇಲ್‌ನಂಥ ಆರ್ಥೊಡಾಕ್ಸ್ ಸಂಘಟನೆಗಳು, ಇದು ನಮ್ಮ ಮನೆಯ ವಿಷಯ ಮಾತ್ರ ಅಲ್ಲ ಎಂದು ಸಲಿಂಗ ಮದುವೆಯ ಕಾನೂನನ್ನು ಬಲವಾಗಿ ವಿರೋಧಿಸಿದವು.

ಕುರುಡನ ಮುಂದೆ ಎಡವುಗಲ್ಲು ಇಡಬೇಡ ಎಂಬ ನಿಯಮವೂ ಇದಕ್ಕೆ ಸೇರುತ್ತದೆ. ಇನ್ನೊಬ್ಬನ ಪಾಪಕ್ಕೆ ನೆರವಾಗಬೇಡ ಎಂದು ಅದರ ಅರ್ಥ. ತಾಲ್ಮುದ್ ಇಲ್ಲಿ ಒಂದು ಚಿತ್ರ ಕೊಡುತ್ತದೆ. ದ್ರಾಕ್ಷಾರಸ ಕುಡಿಯಬಾರದೆಂಬ ವ್ರತದಲ್ಲಿರುವವನು ಒಂದು ಬಟ್ಟಲು ದ್ರಾಕ್ಷಾರಸ ಕೇಳುತ್ತಾನೆ. ಅವನು ನದಿಯ ಆ ದಡ, ನೀನು ಈ ದಡ. ನೀನು ದಾಟಿಸದಿದ್ದರೆ ಬಟ್ಟಲು ಅವನಿಗೆ ಸಿಗುವುದಿಲ್ಲ. ಆಗ ಕೊಟ್ಟರೆ ನೀನು ಈ ನಿಯಮ ಮುರಿದ ಹಾಗೆ. ಬಟ್ಟಲು ಅವನ ದಡದಲ್ಲೇ ಇದ್ದರೆ ಲೆಕ್ಕ ಬೇರೆ. ಪಕ್ಕದ ಮನೆಯವರ ಮಗ ಹನ್ನೊಂದು ವರ್ಷದಿಂದ ಆ ಹುಡುಗನ ಜೊತೆ ಒಂದೇ ಮನೆಯಲ್ಲಿದ್ದ. ಟೌನ್ ಹಾಲಿನ ಕಾಗದ ಅವನನ್ನು ಯಾವ ನದಿಯನ್ನೂ ದಾಟಿಸಲಿಲ್ಲ.

ಆದರೆ ಇದೆಲ್ಲ ಪಂಡಿತರು ಆಡಬಹುದಾದ ವಾದ. ನಾನು ಯೆಹೂದಿ ಅಲ್ಲ. ನನಗೆ ತಟ್ಟಿದ್ದು ಆ ಏಳರ ಪಟ್ಟಿಯ ಇನ್ನೊಂದು ಸಾಲು. ವಿಗ್ರಹಾರಾಧನೆ. ಅದು ನಾನು. ಕಿಟಕಿಯ ಗಣಪತಿ, ಬ್ರಿಜ್‌ವಾಟರಿನ ಬಾಲಾಜಿ ಗುಡಿ, ಅಮ್ಮನ ಮುಡಿ, ಎಲ್ಲ ಸೇರಿ ನಾನು. ಹಳೆಯ ಕಟ್ಟಳೆಯ ಪ್ರಕಾರ ಅವರ ಮಗನೂ ನಾನೂ ಒಂದೇ ಪಟ್ಟಿಯಲ್ಲಿದ್ದೇವೆ.

ಈ ದೇಶದ ಆರ್ಥೊಡಾಕ್ಸ್ ಯೆಹೂದಿಗಳು ನನ್ನ ಬಗ್ಗೆ ಸರ್ಕಾರವನ್ನು ಏನು ಕೇಳಿದರು? ಪೂಜಾಸ್ಥಳ ಕಟ್ಟುವವರಿಗೆ ಊರಿನ ಆಡಳಿತ ಅಡ್ಡಗಾಲು ಹಾಕದಂತೆ 2000ರಲ್ಲಿ ಅಮೆರಿಕದ ಸಂಸತ್ತು ಒಂದು ಕಾನೂನು ಮಾಡಿತು. ಆರ್ಥೊಡಾಕ್ಸ್ ಸಂಘಟನೆಗಳು ಅದರ ಪರ ನಿಂತವು. ಆ ಕಾನೂನು ಯೆಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗನ್ನು ಕಾಯುವಂತೆಯೇ ಗುಡಿಯನ್ನೂ ಕಾಯುತ್ತದೆ ಎಂದು ಅವರಿಗೆ ಗೊತ್ತಿತ್ತು. ತಮಗಾಗಿ ಅವರು ವಿಗ್ ಸುಟ್ಟರು. ಕೂದಲಿನ ವ್ಯಾಪಾರ ನಿಲ್ಲಿಸಿ ಎಂದು ಸರ್ಕಾರದ ಬಾಗಿಲಿಗೆ ಹೋಗಲಿಲ್ಲ. ಬಾಲಾಜಿ ಗುಡಿಗೆ ಸರ್ಕಾರದ ಪರವಾನಗಿ ಇದೆ, ತೆರಿಗೆ ವಿನಾಯಿತಿ ಇದೆ. ಅದೂ ಒಂದು ಮುದ್ರೆಯೇ ಅಲ್ವಾ? ಆ ಮುದ್ರೆಯ ಜೊತೆ ಅವರು ಬದುಕಿದ್ದಾರೆ. ತಮ್ಮ ನಂಬಿಕೆಯನ್ನು ಒಂದು ಎಳೆಯೂ ಸಡಿಲಿಸದೆ ಬದುಕಿದ್ದಾರೆ.

ಇದನ್ನು ಪಕ್ಕದ ಮನೆಯವರಿಗೆ ಹೇಳಲು ನನಗೆ ಧೈರ್ಯ ಸಾಲದೆ ತಿಂಗಳುಗಟ್ಟಲೆ ಸುಮ್ಮನಿದ್ದೆ. ಕೊನೆಗೆ ಹೇಳಿಬಿಟ್ಟೆ. "ಅದು ಬೇರೆ" ಅಂದರು ತಕ್ಷಣ. ಮುಂದಿನ ಶನಿವಾರ ಬಂದು ಕೂತು, ಮಾತು ಬಿಟ್ಟಲ್ಲಿಂದಲೇ ಶುರು ಮಾಡಿದರು. "ಬೇರೆ ಹೇಗೆ ಅಂತ ವಾರವೆಲ್ಲ ಯೋಚಿಸಿದೆ. ನಿನ್ನ ಗಣಪತಿ ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಸಹಿಸೋದು ಸುಲಭ."

ಆರ್ಥೊಡಾಕ್ಸ್ ಸಮುದಾಯದೊಳಗೇ ಮಾತು ಬದಲಾಗುತ್ತಿದ್ದುದನ್ನು ನಾನು ಗಮನಿಸಿದೆ. 2010ರಲ್ಲಿ ಹಲವು ಆರ್ಥೊಡಾಕ್ಸ್ ರಬ್ಬಿಗಳು ಒಂದು ಹೇಳಿಕೆಗೆ ಸಹಿ ಹಾಕಿದರು. ನಿಷೇಧ ಇದ್ದ ಹಾಗೇ ಇದೆ, ಆದರೆ ಸಲಿಂಗಿಗಳನ್ನು ಘನತೆಯಿಂದ ನೋಡಬೇಕು, ಸಿನಗಾಗಿನಲ್ಲಿ ಅವರಿಗೆ ಜಾಗ ಇರಬೇಕು ಎಂದು. 2015ರ ಜೂನ್ 26ರಂದು ಅಮೆರಿಕದ ಸುಪ್ರೀಂ ಕೋರ್ಟ್ ಒಬರ್ಗೆಫೆಲ್ ಪ್ರಕರಣದಲ್ಲಿ ಇಡೀ ದೇಶಕ್ಕೆ ಸಲಿಂಗ ಮದುವೆಯ ಹಕ್ಕು ಕೊಟ್ಟಿತು. ಆಗ ಆರ್ಥೊಡಾಕ್ಸ್ ಯೂನಿಯನ್ ಎಂಬ ಸಂಘಟನೆ ಹೊರಡಿಸಿದ ಹೇಳಿಕೆಯನ್ನು ಪಕ್ಕದ ಮನೆಯವರೇ ನನಗೆ ತೋರಿಸಿದರು. ಮದುವೆ ಗಂಡು ಹೆಣ್ಣಿನ ನಡುವೆ ಮಾತ್ರ ಎಂಬ ನಂಬಿಕೆ ಬದಲಾಗದು ಎಂದಿತ್ತು. ಅದರ ಜೊತೆಗೇ, ಯಾವ ಧರ್ಮಕ್ಕೂ ತನ್ನ ನಂಬಿಕೆಯನ್ನು ಇಡೀ ನಾಡಿನ ಮೇಲೆ ಹೇರುವ ಹಕ್ಕಿಲ್ಲ ಎಂದೂ ಇತ್ತು. ಆ ಎರಡನೇ ಸಾಲಿನ ಮೇಲೆ ಅವರು ಬೆರಳಿಟ್ಟು ನನ್ನ ಮುಖ ನೋಡಿದರು.

ಅದೇ ಹೇಳಿಕೆಯಲ್ಲಿ ಧಾರ್ಮಿಕ ಸಂಸ್ಥೆಗಳ ಸ್ವಾತಂತ್ರ್ಯದ ಚಿಂತೆಯೂ ಇತ್ತು. ಅದು ಸುಳ್ಳು ಭಯವಲ್ಲ. 2007ರಲ್ಲಿ ನಮ್ಮ ನ್ಯೂಜೆರ್ಸಿಯದೇ ಓಷನ್ ಗ್ರೋವ್‌ನಲ್ಲಿ ಒಂದು ಮೆಥಡಿಸ್ಟ್ ಸಂಘ ತನ್ನ ಕಡಲತಡಿಯ ಮಂಟಪವನ್ನು ಹೆಣ್ಣು ಜೋಡಿಗೆ ಕೊಡಲು ಒಪ್ಪಲಿಲ್ಲ. ಎಲ್ಲರಿಗೂ ತೆರೆದಿಡುತ್ತೇವೆ ಎಂದು ಹೇಳಿ ಪಡೆದಿದ್ದ ತೆರಿಗೆ ವಿನಾಯಿತಿ ಆ ಮಂಟಪಕ್ಕೆ ಹೋಯಿತು. ಹೋದದ್ದು ಸರಿ ಎಂದೇ ನನ್ನ ಅನಿಸಿಕೆ. ಆದರೆ ರಬ್ಬಿಯೊಬ್ಬರನ್ನು ಅವರ ಹುಪ್ಪಾ ಕೆಳಗೆ ಹೀಗೇ ಮಂತ್ರ ಹೇಳಿ ಎಂದು ಯಾವ ಸರ್ಕಾರವೂ ಒತ್ತಾಯಿಸಬಾರದು. ಅಮೆರಿಕದಲ್ಲಿ ಒತ್ತಾಯಿಸಿಲ್ಲ.

ಉಳಿದ ಯೆಹೂದಿ ಪಂಥಗಳ ದಾರಿ ಬೇರೆ. ರಿಫಾರ್ಮ್ ಪಂಥದ ರಬ್ಬಿಗಳು 1996ರಲ್ಲೇ ಸರ್ಕಾರಿ ಸಲಿಂಗ ಮದುವೆಯ ಹಕ್ಕನ್ನು ಬೆಂಬಲಿಸಿದರು. 2000ದಲ್ಲಿ ತಮ್ಮ ರಬ್ಬಿಗಳು ಅಂಥ ಸಮಾರಂಭ ನಡೆಸಲು ಒಪ್ಪಿದರು. ಅವರಿಗೆ ಹಲಾಖಾ ಕಟ್ಟಲ್ಲ, ಹಾಗಾಗಿ ಸುಲಭ. ನನ್ನನ್ನು ಹಿಡಿದು ನಿಲ್ಲಿಸಿದ್ದು ನಡುವಿನವರಾದ ಕನ್ಸರ್ವೇಟಿವ್ ಪಂಥದ ಕಥೆ. ಹಲಾಖಾ ಬೇಕು, ಕಾಲವೂ ಬೇಕು ಅನ್ನುವವರು ಅವರು. 2006ರ ಡಿಸೆಂಬರ್‌ನಲ್ಲಿ ಅವರ 25 ಜನರ ಧರ್ಮಶಾಸ್ತ್ರ ಸಮಿತಿ ಮತಕ್ಕೆ ಹಾಕಿದ ತೀರ್ಪುಗಳಲ್ಲಿ ಎರಡು ಮುಖ್ಯ. ಜೋಯೆಲ್ ರಾಥ್ ಅವರದು, ನಿಷೇಧ ಇದ್ದಂತೆ ಇರಲಿ ಎಂದು. ಎಲಿಯಟ್ ಡಾರ್ಫ್, ಡೇನಿಯಲ್ ನೆವಿನ್ಸ್, ಆವ್ರಮ್ ರೈಸ್ನರ್ ಅವರದು, ತೋರಾದ ನೇರ ನಿಷೇಧ ಒಂದನ್ನು ಉಳಿಸಿಕೊಂಡು ಅದರ ಸುತ್ತ ರಬ್ಬಿಗಳು ಹಾಕಿದ ಬೇಲಿಯನ್ನು ತೆಗೆಯೋಣ ಎಂದು. ಅವರು ಆಧಾರಕ್ಕೆ ಹಿಡಿದದ್ದು ತಾಲ್ಮುದ್‌ನ ಮಾತನ್ನೇ: ಮನುಷ್ಯರ ಘನತೆ ದೊಡ್ಡದು, ಅದರ ಮುಂದೆ ನಿಷೇಧವೂ ಸರಿಯುತ್ತದೆ. ಎರಡಕ್ಕೂ 13 ಮತ ಬಿತ್ತು. ಎರಡೂ ಅಂಗೀಕಾರವಾದವು! ಒಬ್ಬ ಸದಸ್ಯ ಎರಡಕ್ಕೂ ಕೈ ಎತ್ತದಿದ್ದರೆ ಈ ಲೆಕ್ಕ ಕೂಡುವುದಿಲ್ಲ. ಆ ಕೈಯ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ರಾಥ್ ಸೇರಿ ನಾಲ್ವರು ಸಮಿತಿ ಬಿಟ್ಟರು.

2012ರಲ್ಲಿ ಅದೇ ಸಮಿತಿ ಸಲಿಂಗ ಜೋಡಿಗಳಿಗೆ ಸಮಾರಂಭದ ಕ್ರಮವನ್ನೂ ಒಪ್ಪಿತು. ಅದನ್ನು ಕಿದ್ದೂಶಿನ್ ಅನ್ನಲಿಲ್ಲ. ಬ್ರಿತ್ ಅಹೂವಿಮ್ ಅಂದರು, ಪ್ರೀತಿಸುವವರ ಒಡಂಬಡಿಕೆ. ಅದಕ್ಕೆ ಬೇರು ತಂದದ್ದು ಮದುವೆಯ ಕಾನೂನಿನಿಂದಲ್ಲ, ಇಬ್ಬರು ಪಾಲುದಾರರ ನಡುವಿನ ಹಳೆಯ ಕಾನೂನಿನಿಂದ. ಈ ಜಾಗರೂಕತೆ ನನಗೆ ಇಷ್ಟ. ಪಠ್ಯ ಇಲ್ಲವೇ ಇಲ್ಲ ಎಂದು ನಟಿಸಲಿಲ್ಲ ಅವರು.

ಇನ್ನು ಇಸ್ರೇಲ್. ಅಲ್ಲಿ ಮದುವೆಯ ಲೇಖನಿ ರಬ್ಬಿಗಳ ಕೈಯಲ್ಲೇ ಇದೆ. ಒಟ್ಟೊಮನ್ ಕಾಲದ ಪದ್ಧತಿ ಮುಂದುವರಿದು, 1953ರ ಕಾನೂನು ಯೆಹೂದಿಗಳ ಮದುವೆ, ವಿಚ್ಛೇದನ ಎರಡನ್ನೂ ರಬ್ಬಿಗಳ ನ್ಯಾಯಾಲಯಕ್ಕೆ ಕೊಟ್ಟಿತು. ಗಂಡು ಹೆಣ್ಣಿಗೂ ಅಲ್ಲಿ ರಿಜಿಸ್ಟರ್ ಮದುವೆ ಇಲ್ಲ. ಹಾಗಾಗಿ ಜನ ಸೈಪ್ರಸ್‌ಗೆ ವಿಮಾನ ಹತ್ತುತ್ತಾರೆ. ಹೊರದೇಶದ ಪ್ರಮಾಣಪತ್ರ ತಂದರೆ ಗುಮಾಸ್ತ ದಾಖಲಿಸಿಕೊಳ್ಳಲೇಬೇಕು ಎಂದು 1963ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತ್ತು. 2006ರ ನವೆಂಬರ್‌ನಲ್ಲಿ ಆ ಮಾತು ಕೆನಡಾದಲ್ಲಿ ಮದುವೆಯಾದ ಐದು ಗಂಡು ಜೋಡಿಗಳಿಗೂ ಅನ್ವಯ ಎಂದಿತು. ಅಂಥ ಮದುವೆಯಾಗಿದ್ದ ಉಜಿ ಎವೆನ್ ಮತ್ತು ಅಮಿತ್ ಕಾಮಾ ಬೇರೆಯಾಗಲು ಬಯಸಿದಾಗ, 2012ರಲ್ಲಿ ಕುಟುಂಬ ನ್ಯಾಯಾಲಯವೇ ವಿಚ್ಛೇದನ ಕೊಟ್ಟಿತು. ಅದೇ ದೇಶದಲ್ಲಿ ಗಂಡ ಗೆಟ್ ಕೊಡದೆ ವರ್ಷಗಟ್ಟಲೆ ಸಿಕ್ಕಿಬಿದ್ದಿರುವ ಹೆಂಗಸರಿದ್ದಾರೆ. ಅವರಿಗೆ ಆ ಬಾಗಿಲು ಇಲ್ಲ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಧರ್ಮಶಾಸ್ತ್ರಕ್ಕೆ ಪೊಲೀಸಿನ ಬಲ ಸಿಕ್ಕಿದರೆ ಅದರಿಂದ ಶಾಸ್ತ್ರಕ್ಕೇ ಹೆಚ್ಚು ಪೆಟ್ಟು ಎಂದು ಅವತ್ತು ನನಗೆ ಗಟ್ಟಿಯಾಯಿತು.

2023ರ ಅಕ್ಟೋಬರ್ 17ರಂದು ನಮ್ಮ ಭಾರತದ ಸುಪ್ರೀಂ ಕೋರ್ಟ್ ಸಲಿಂಗ ಮದುವೆಗೆ ಮಾನ್ಯತೆ ಕೊಡಲಿಲ್ಲ. ಅದು ಸಂಸತ್ತಿನ ಕೆಲಸ ಅಂದಿತು. ನನಗೆ ದಾರಿ ಕೊಟ್ಟ 1954ರ ಕಾಯ್ದೆ ಸಲಿಂಗ ಜೋಡಿಗಳಿಗೆ ದಾರಿ ಕೊಡಲಿಲ್ಲ. ಅದನ್ನು ಪಕ್ಕದ ಮನೆಯವರಿಗೆ ಹೇಳಿದಾಗ ಅವರು "ಅಯ್ಯೋ ಪಾಪ, ಆ ತಾಯಂದಿರು" ಅಂದರು.

ಹಾಗೆ ಅನ್ನಲು ಅವರಿಗೆ ಕಾರಣವಿತ್ತು. 2014ರಲ್ಲಿ ಮಗನ ಮದುವೆಯ ದಿನ ಅವರು ಟೌನ್ ಹಾಲಿಗೆ ಹೋಗಲಿಲ್ಲ. ತಮ್ಮ ರಬ್ಬಿಯನ್ನು ಕೇಳಿದ್ದರು. ಹೋಗುವುದು ಬೇಡ, ಆದರೆ ಮನೆಯ ಬಾಗಿಲನ್ನು ಯಾವತ್ತೂ ಹಾಕಬೇಡ ಅಂದಿದ್ದರಂತೆ. ಅವತ್ತು ಇಡೀ ದಿನ ನಮ್ಮ ಹಿತ್ತಲಲ್ಲಿ ನನ್ನ ಜೊತೆ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದರು. ತಿನ್ನದ ಸೊಪ್ಪನ್ನು.

2019ರ ಚಳಿಗಾಲದಲ್ಲಿ ಮಗನಿಗೆ ತಲೆಯಲ್ಲಿ ರಕ್ತಸ್ರಾವ ಆಯಿತು. ಅದು ಶುಕ್ರವಾರ ರಾತ್ರಿ. ಶಬ್ಬಾತ್, ಅವರ ಫೋನ್ ಆಫ್. ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಸಹಿ ಹಾಕಿದ್ದು ಮಗನ ಗಂಡ. ಯಾರೂ ಅವನನ್ನು ನೀನು ಯಾರು ಎಂದು ಕೇಳಲಿಲ್ಲ. ಶನಿವಾರ ಬೆಳಗಾಗುವುದರೊಳಗೆ ಅವನೇ ಇಲ್ಲಿಗೆ ಬಂದು ಬಾಗಿಲು ತಟ್ಟಿ ಸುದ್ದಿ ಹೇಳಿದ. ಜೀವದ ವಿಷಯದಲ್ಲಿ ಶಬ್ಬಾತ್ ಮುರಿಯಬಹುದು. ಆದರೆ ಆಪರೇಷನ್ ಮುಗಿದಿತ್ತು, ಮಗ ಉಳಿದಿದ್ದ. ಅವರು ಆ ಹುಡುಗನನ್ನು ಒಳಗೆ ಕೂರಿಸಿ, ಹಿಂದಿನ ದಿನದ ಬಿಸಿ ಆರದ ಚೋಲೆಂಟ್ ಎಂಬ ಶಬ್ಬಾತ್ ಅಡುಗೆಯನ್ನು ಬಡಿಸಿದರಂತೆ. "ದಿನಾ ದೆಮಲ್ಖೂತಾ. ಆ ಕಾಗದ ಅವನನ್ನು ಒಳಗೆ ಬಿಟ್ಟಿತು" ಅಂದರು ನನಗೆ, ಭಾನುವಾರ.

ಈಗ ಶುಕ್ರವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ ಮುಂಚೆ, ಅವರ ಮನೆ ಮುಂದೆ ಒಂದು ನೀಲಿ ಕಾರು ಬಂದು ನಿಲ್ಲುತ್ತದೆ. ಇಬ್ಬರು ಇಳಿಯುತ್ತಾರೆ. ಶನಿವಾರ ರಾತ್ರಿ ಮೂರು ನಕ್ಷತ್ರ ಕಾಣುವವರೆಗೂ ಆ ಕಾರು ನಿಂತ ಜಾಗದಿಂದ ಅಲುಗುವುದಿಲ್ಲ.